ಎರಡೇ ಕಾಲಂ ಇದ್ದ ಪುಸ್ತಕ

ಜನವರಿ 11

ಅಕ್ಕನಿಗೆ,

ನಾನು ಎದುರುಮನೆಯ ದರ್ಜಿ, ನಿಮ್ಮ ಗುಬ್ಬಿ. ನನ್ನ ಅಕ್ಷರ ಕಂಡರೆ ಲಕೋಟೆ ಒಡೆಯದೆಯೇ ಪಕ್ಕಕ್ಕೆ ಎಸೆದೀರಿ ಎಂದು ವಿಳಾಸವನ್ನು ಅಂಚೆ ಕಚೇರಿಯವರ ಕೈಲಿ ಬರೆಸಿದೆ. ನೀವು ಬೀದಿ ಬಿಟ್ಟು ಏಳು ವರ್ಷವಾಯಿತು. ನಿಮ್ಮ ಫೋನ್ ನಂಬರನ್ನೂ ನಿಮ್ಮ ಕನ್ನಡಕದ ಅಂಗಡಿಯ ಹುಡುಗನನ್ನು ಕೇಳಿ ಇಸಿದುಕೊಂಡಿದ್ದೇನೆ. ಮೂರು ಸಲ ಒತ್ತಿದೆ, ಮೂರು ಸಲವೂ ರಿಂಗಾಗುವ ಮೊದಲೇ ಕಟ್ ಮಾಡಿದೆ. ಕಾಗದವಾದರೆ ನಿಮ್ಮ ದನಿ ಕೇಳಬೇಕಾಗಿಲ್ಲ. ಹೀಗೆ ಬರೆದದ್ದು ತಪ್ಪಾಯಿತೇನೋ. ಹೊಡೆದುಹಾಕಿದರೆ ಇನ್ನೂ ಅಸಹ್ಯವಾಗಿ ಕಾಣುತ್ತದೆ, ಇರಲಿ.

ವಿಷಯ ಇಷ್ಟು. ಕಳೆದ ಮೇ ತಿಂಗಳಲ್ಲಿ ನಮ್ಮವರು ಮೂಲೆಮನೆಯ ಹಳೆ ಕಿಟಕಿಗೆ ಚೌಕಟ್ಟು ಕೂರಿಸುವಾಗ ಏಣಿಯಿಂದ ಬಿದ್ದರು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಗಾಲಿಕುರ್ಚಿ ಬಂದಿದೆ. ಅಡುಗೆಮನೆಯಿಂದ ಮುಂಬಾಗಿಲವರೆಗೆ ಹದಿನಾರು ಅಡಿ, ಅಷ್ಟೇ ಅವರ ಓಡಾಟ. ಬಾಗಿಲಾಚೆ ಐದು ಮೆಟ್ಟಿಲು. ನಮ್ಮ ಬೀದಿಯ ಮೆಟ್ಟಿಲು ನಿಮಗೆ ಗೊತ್ತಲ್ಲ, ಒಂದೊಂದೂ ಗೇಣೆತ್ತರ. ಹಿಂದೆ ಬಾಗಿಲೇ ಇಲ್ಲ. ಎಂಟು ತಿಂಗಳಲ್ಲಿ ಎರಡೇ ಸಲ ಹೊರಗೆ ಬಂದಿದ್ದಾರೆ, ಎರಡು ಸಲವೂ ಆಸ್ಪತ್ರೆಗೆ, ಇಬ್ಬರು ಗಂಡಸರು ಹೊತ್ತುಕೊಂಡು. ಎರಡನೇ ಸಲ ಒಬ್ಬನ ಕೈ ಜಾರಿತು. "ಇನ್ಮೇಲೆ ನನ್ನನ್ನ ಮೂಟೆ ಥರ ಎತ್ಬೇಡಿ. ಸತ್ಮೇಲೆ ಹೇಗೂ ಎತ್ತೇ ಎತ್ತೀರಿ" ಎಂದು ಕೂತವರು ಕೂತೇ ಇದ್ದಾರೆ.

ಮೆಟ್ಟಿಲ ಪಕ್ಕದ ಗಿಡ್ಡ ಗೋಡೆ ಒಡೆದು ಇಳಿಜಾರು ಮಾಡಿದರೆ ಆಯಿತು. ನೀವು ನಿಮ್ಮ ಅಮ್ಮನಿಗಾಗಿ ಕೇಳಿದ್ದೂ ಅದನ್ನೇ. ಆದರೆ ನಿವಾಸಿಗಳ ಸಂಘ ಒಪ್ಪದೆ ಈ ಬೀದಿಯಲ್ಲಿ ಯಾರೂ ಮನೆಯ ಮುಂಭಾಗ ಮುಟ್ಟುವಂತಿಲ್ಲ, ಹಳೆಯ ರೂಪ ಕೆಡಬಾರದು. ಅಧ್ಯಕ್ಷರ ಹತ್ತಿರ ಹೋದೆ. ಈಗಲೂ ಅದೇ ಹೆಡ್‌ಮೇಷ್ಟ್ರು. "ಅದು ಒಂದ್ಸಲ ಬೇಡ ಅಂತಾಗಿರೋ ವಿಷಯ ಅಲ್ವೇನಮ್ಮ? ಮೆಟ್ಟಿಲು ಅಂದ್ರೆ ಮೆಟ್ಟಿಲು, ಯಾರ ಮನೇದಾದ್ರೇನು. ಮೊದಲು ಕೇಳಿದವರೇ ಬಂದು ಎತ್ಬೇಕು. ನಿಯಮ ನಿಮ್ಮ ಕೈಯಲ್ಲೇ ಬರೆದಿದೆ, ಓದ್ಕೊಳ್ಳಿ" ಎಂದರು.

ಆ ನಿಯಮ ನೀವು ಹೋದ ಮೇಲೆ ಬಂದದ್ದು. ಬಾಗಿಲಿಗೆ ನೀಲಿ ಬಣ್ಣ ಬೇಕೆಂದು ಮೂಲೆಮನೆಯಾತ ಒಂದು ವರ್ಷ ಕೇಳಿದ, ಸಭೆ ಬೇಡವೆಂದಿತು. ಮರುವರ್ಷ ಅವನ ಹೆಂಡತಿ ಕೇಳಿದಳು. ಅದರ ಮರುವರ್ಷ ಅವನ ಅತ್ತೆ. ಎಲ್ಲರಿಗೂ ರೋಸಿಹೋಗಿ, ಒಮ್ಮೆ ಬೇಡವಾದದ್ದನ್ನು ಮೊದಲು ಕೇಳಿದವರು ಬಿಟ್ಟು ಬೇರೆ ಯಾರೂ ಎತ್ತಬಾರದು, ಅವರೂ ಒಂದೇ ಸಲ ಎತ್ತಬೇಕು ಎಂದು ಮಾಡಿದರು. ನಾನೇ ಕಾರ್ಯದರ್ಶಿ, ನಾನೇ ಬರೆದುಕೊಂಡೆ.

ನೀವು ಆಜೀವ ಸದಸ್ಯರು, ಹೆಸರು ಇನ್ನೂ ಪಟ್ಟಿಯಲ್ಲಿದೆ. ವಾರ್ಷಿಕ ಸಭೆ ಏಪ್ರಿಲ್ ಹನ್ನೆರಡು, ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅದೇ ಓದುವ ಕೋಣೆಯಲ್ಲಿ. ಬಂದು ಒಂದು ಮಾತು ಎತ್ತಿ ಹೋದರೆ ಸಾಕು. ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ನಿಮ್ಮ
ಗುಬ್ಬಿ

ಕಾಗದ ತಲುಪಿತೆಂದು ಒಂದು ಸಾಲು ಬರೆಯಿರಿ. ತಲುಪದಿದ್ದರೆ ತಲುಪಲಿಲ್ಲವೆಂದು ಹೇಗೆ ಬರೆಯುತ್ತೀರಿ, ನನ್ನ ಬುದ್ಧಿ.

*

ಜನವರಿ 29

ಸಂಘದ ಕಾರ್ಯದರ್ಶಿಯವರಿಗೆ,

ನಿಮ್ಮ ಕಾಗದ ತಲುಪಿದೆ. ನಿಮ್ಮ ಯಜಮಾನರ ವಿಷಯ ಓದಿ ಸಂಕಟವಾಯಿತು. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಅಮ್ಮನ ಮಂಚಕ್ಕೆ ಅವಳು ಎದ್ದು ಕೂರಲು ಹಿಡಿಕೆ ಮಾಡಿಕೊಟ್ಟವರು ಅವರು.

ಸಭೆಗೆ ನಾನು ಬರುವುದಿಲ್ಲ. ಅವತ್ತಿನ ಸಭೆಯಾದ ಮೇಲೆ ಅಮ್ಮ ಸಾಯುವವರೆಗೆ ಎರಡು ವರ್ಷ ಒಂದು ತಿಂಗಳು ಕಿಟಕಿಯಲ್ಲಿ ಕೂತಿದ್ದಳು. ಮಾರನೇ ವರ್ಷ ಮತ್ತೆ ಕೇಳೋಣ ಎಂದಾಗ, "ಬೇಡ ಅಂದೋರ ಮುಂದೆ ಇನ್ನೊಂದ್ಸಲ ನಿಂತ್ಕೋಬೇಡ, ನಂಗೇನು, ಆ ಹುಡುಗಿ ಹೊಲಿಯೋದು ನೋಡ್ತಾ ಕೂತಿರ್ತೀನಿ" ಎಂದಳು. ಹುಡುಗಿ ಎಂದರೆ ನೀವು.

ಒಂದು ಮಾತು ಕೇಳಬೇಕೆಂದು ಬಹಳ ದಿನದಿಂದ ಇತ್ತು. ಆ ಸಭೆಯ ದಿನ ಅಮ್ಮ ಒಬ್ಬಳೇ ಇದ್ದಾಳೆಂದು ನಾನು ನಡುವೆ ಎದ್ದು ಹೋದೆ. ಮಾರನೇ ದಿನ ಬೆಳಿಗ್ಗೆ ಏನಾಯಿತೆಂದು ಕೇಳಲು ನಿಮ್ಮ ಮನೆಗೆ ಬಂದೆ. ನೀವು ಪುಸ್ತಕ ತೆರೆದು ತೋರಿಸಿದಿರಿ. ಆಗ ನಿಮ್ಮ ಕೈ ಯಾಕೆ ಹಾಗೆ ನಡುಗುತ್ತಿತ್ತು?

ಇಂತಿ,
ಸದಸ್ಯೆ, ಕನ್ನಡಕದ ಅಂಗಡಿ

*

ಫೆಬ್ರವರಿ 6

ಅಕ್ಕನಿಗೆ,

ಕಾಗದ ಬಂತಲ್ಲ, ಅದೇ ದೊಡ್ಡದು. ಅಮ್ಮ ಹಾಗೆ ಹೇಳಿದ್ದರೆಂದು ನನಗೆ ಗೊತ್ತಿರಲಿಲ್ಲ. ಅವತ್ತು ಇಡೀ ದಿನ ಮೆಷಿನ್ ಮುಟ್ಟಲಿಲ್ಲ. ಮೂರು ರವಿಕೆ ಕೊಡಬೇಕಿತ್ತು, ಕೇಳಲು ಬಂದವರನ್ನು ಇಲ್ಲದ ನೆಂಟರ ಹೆಸರು ಹೇಳಿ ಕಳಿಸಿದೆ.

ಕೈ ನಡುಗಿದ್ದು ಕೇಳಿದಿರಿ. ಅವತ್ತು ನನಗೆ ಜ್ವರ ಇತ್ತು.

ನಮ್ಮವರು ಈಗ ಬಾಗಿಲ ಹತ್ತಿರ ಕೂತು ಇಳಿಜಾರಿನ ನಕ್ಷೆ ಬರೆಯುತ್ತಾರೆ. ಅಳತೆಪಟ್ಟಿಯ ತುದಿಯನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲಿಳಿಸುತ್ತಾರೆ, ತಾವು ಮೇಲಿನಿಂದ ಓದುತ್ತಾರೆ. "ಕೆಳಗೆ ಹಿಡಿಯೇ, ನೆಲಕ್ಕೆ ತಾಗ್ಸು. ನೀನು ಬಟ್ಟೆ ಅಳೀತಿಲ್ಲ, ಕಲ್ಲು ಅಳೀತಿದೀಯ" ಎಂದು ರೇಗುತ್ತಾರೆ. ರೇಗಿದರೆ ನನಗೆ ಸಮಾಧಾನ. ರೇಗದೆ ಸುಮ್ಮನಿರುವ ದಿನಗಳಲ್ಲಿ ಐದೈದು ನಿಮಿಷಕ್ಕೊಮ್ಮೆ ಎದ್ದುಹೋಗಿ ಉಸಿರಾಡುತ್ತಿದ್ದಾರೋ ಎಂದು ನೋಡುತ್ತೇನೆ. ಅದಕ್ಕೂ ಬೈಗುಳ.

ಹೆಡ್‌ಮೇಷ್ಟ್ರು ಮೊನ್ನೆ ನೋಡಲು ಬಂದಿದ್ದರು. ಇವರು, "ಸಾರ್, ಸಂಘದ ಹಳೇ ಸಾಮಾನಿನ ಪಟ್ಟಿಗೆ ನನ್ನನ್ನೂ ಸೇರಿಸ್ಬಿಡಿ, ಇದ್ದಲ್ಲೇ ಇದೀನಿ, ರೂಪವೂ ಕೆಟ್ಟಿಲ್ಲ" ಎಂದರು. ಮೇಷ್ಟ್ರು ನಗಲಿಲ್ಲ. ಒಳ್ಳೆಯವರೇ, ಟೀ ಕುಡಿಯುವಾಗ ಅವರ ಕಣ್ಣೂ ಒದ್ದೆಯಾಗಿತ್ತು. "ನಿಯಮ ನನ್ನ ಕೈ ಕಟ್ಟಿದೆ ಕಣಪ್ಪ. ಒಬ್ಬರಿಗೆ ಬಿಟ್ಟರೆ ಆ ನೀಲಿ ಬಾಗಿಲಿನವನು ನಾಳೆ ಬೆಳಿಗ್ಗೆ ಡಬ್ಬ ಹಿಡ್ಕೊಂಡು ನಿಂತಿರ್ತಾನೆ" ಎಂದರು.

ಸಭೆಗೆ ಬರುವುದಿಲ್ಲವೆಂದು ಬರೆದಿದ್ದೀರಿ. ಪೂರ್ತಿ ಬರುವುದಿಲ್ಲವೆಂದೋ, ಈಗ ಹಾಗನ್ನಿಸಿದೆಯೆಂದೋ?

ನಿಮ್ಮ
ಗುಬ್ಬಿ

*

ಫೆಬ್ರವರಿ 27

ಅಕ್ಕನಿಗೆ,

ನಿಮ್ಮ ಉತ್ತರ ಬರಲಿಲ್ಲ. ಅಂಚೆಯವನನ್ನು ಕೇಳಿದೆ. "ಬಂದ್ರೆ ನಾನೇನು ಮನೇಲಿಟ್ಕೊಳ್ತೀನಾ?" ಎಂದ.

ಸಭೆಯ ನೋಟಿಸನ್ನು ನಾನೇ ಬರೆದು ಹದಿನಾಲ್ಕು ಬಾಗಿಲಿಗೂ ಹಾಕಿ ಬಂದೆ. ಲೆಕ್ಕಪತ್ರ, ದೀಪದ ಕಂಬ, ಮರದ ಕೊಂಬೆ, ಪದಾಧಿಕಾರಿಗಳ ಆಯ್ಕೆ. ಮೆಟ್ಟಿಲು ಅದರಲ್ಲಿಲ್ಲ. ನೋಟಿಸು ಬರೆಯುತ್ತಿದ್ದುದನ್ನು ಇವರು ನೋಡಿದರು. "ಕೊಂಬೆಗೂ ಜಾಗ ಇದೆ" ಎಂದರು. ಅಷ್ಟೇ.

ನಕ್ಷೆ ಮುಗಿದಿದೆ. ಅದನ್ನು ಮಡಿಸಿ ದಿಂಬಿನ ಕೆಳಗಿಟ್ಟುಕೊಂಡಿದ್ದಾರೆ. ಮೊನ್ನೆಯಿಂದ ಬಾಗಿಲ ಹತ್ತಿರವೂ ಬರುವುದಿಲ್ಲ. ಗೋಡೆಯ ಕಡೆಗೆ ಮುಖ ಮಾಡಿಕೊಂಡು ಕೂರುತ್ತಾರೆ. ಬಾಗಿಲು ತೆಗೆದಿಡಲೇ ಎಂದರೆ, "ನೋಡೋಕೆ ಯಾಕೆ ತೆಗೀಬೇಕು?" ಎನ್ನುತ್ತಾರೆ. ಕೂತು ಕೂತು ಬೆನ್ನಿನಲ್ಲಿ ಹುಣ್ಣಾಗುತ್ತಿದೆ. ಡಾಕ್ಟರು ದಿನಾ ಬಿಸಿಲಿಗೆ ಒಯ್ಯಿರಿ ಎಂದಿದ್ದಾರೆ. ನಮ್ಮ ಮನೆಯೊಳಗೆ ಬಿಸಿಲು ಬೀಳುವುದು ನಲವತ್ತು ನಿಮಿಷ, ಅದೂ ಮೆಷಿನ್ ಇರುವ ಕಡೆ. ಮೆಷಿನ್ ಸರಿಸಿದ್ದೇನೆ.

ಕಾಲಿಗೆ ಬೀಳುತ್ತೇನೆ ಎಂದು ಬರೆಯಲೇ? ಬರೆದರೆ ನಾಟಕವೆಂದುಕೊಳ್ಳುತ್ತೀರಿ.

ಗುಬ್ಬಿ

*

ಮಾರ್ಚ್ 8

ಕಾರ್ಯದರ್ಶಿಯವರಿಗೆ,

ಅವತ್ತು ನಿಮಗೆ ಜ್ವರ ಇರಲಿಲ್ಲ. ನಾನು ನಿಮ್ಮ ಹಣೆ ಮುಟ್ಟಿ ನೋಡಿದ್ದೆ.

ಇಂತಿ,
ಸದಸ್ಯೆ

*

ಮಾರ್ಚ್ 19

ಅಕ್ಕ,

ನಿಮ್ಮ ಕಾಗದ ಬಂದ ಮೇಲೆ ಐದು ಕಾಗದ ಬರೆದು ಹರಿದೆ. ಇದು ಆರನೆಯದು. ಇದನ್ನು ಓದದೆಯೇ ಅಂಟಿಸುತ್ತೇನೆ, ತಪ್ಪಿದ್ದರೆ ಇರಲಿ.

ಅವತ್ತಿನ ಸಭೆ ನಿಮ್ಮ ವಿಷಯವನ್ನು ಬೇಡವೆನ್ನಲಿಲ್ಲ.

ನೀವು ಎದ್ದು ಹೋದ ಮೇಲೆ ಅರ್ಧ ಗಂಟೆ ಕೂಗಾಡಿದರು. ಪಾಪ, ಮುದುಕಿ, ಮಾಡಿಕೊಳ್ಳಲಿ ಎಂದು ಕೆಲವರು. ಇವತ್ತು ಗೋಡೆ, ನಾಳೆ ಮಹಡಿ ಎಂದು ಕೆಲವರು. ಕೊನೆಗೆ ಹೆಡ್‌ಮೇಷ್ಟ್ರು, "ಮುಂದಿನ ತಿಂಗಳು ಇನ್ನೊಂದ್ಸಲ ಕೂತು ನೋಡೋಣ ಬಿಡ್ರಪ್ಪ, ಹೊಟ್ಟೆ ಹಸೀತಿದೆ" ಎಂದರು. ಎಲ್ಲರೂ ಎದ್ದು ಕುರ್ಚಿ ಎಳೆದಾಡಿಕೊಂಡು, ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ ಮಾತಾಡಿಕೊಂಡು ಹೊರಟರು. ಆಗಿದ್ದು ಅಷ್ಟೇ.

ನಾನು ಕಾರ್ಯದರ್ಶಿಯಾಗಿ ಅದು ಮೊದಲನೇ ಸಭೆ. ಯಾರೂ ಕೈ ಎತ್ತಲಿಲ್ಲವೆಂದು ನನ್ನ ತಲೆಗೆ ಕಟ್ಟಿದ್ದರು, ಅಕ್ಷರ ದುಂಡಗಿದೆ ಎಂದು. ನಡಾವಳಿ ಪುಸ್ತಕ ನೀವು ನೋಡಿದ್ದೀರಿ. ವಿಷಯದ ಮುಂದೆ ಎರಡೇ ಕಾಲಂ, ಒಂದರ ಮೇಲೆ ಒಪ್ಪಿಗೆ ಎಂದಿದೆ, ಇನ್ನೊಂದರ ಮೇಲೆ ನಿರಾಕರಣೆ ಎಂದು. ಎಲ್ಲ ವಿಷಯಕ್ಕೂ ಗುರುತು ಹಾಕಿದೆ. ನಿಮ್ಮದಕ್ಕೆ ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ. ಖಾಲಿ ಬಿಟ್ಟೆ. ಆಮೇಲೆ ಹೆದರಿಕೆ ಶುರುವಾಯಿತು. ಮೇಷ್ಟ್ರು ಮೊದಲೇ ಹೇಳಿದ್ದರು, ಎಲ್ಲೂ ಖಾಲಿ ಬಿಡಬಾರದು, ಖಾಲಿ ಬಿಟ್ಟ ಕಡೆ ಕೆಂಪು ಸುತ್ತು ಹಾಕಿ ವಾಪಸು ಕಳಿಸುತ್ತೇನೆ ಎಂದು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಿಡುವ ಹಿಂದಿನ ವಾರವೂ ನನ್ನ ಪುಸ್ತಕದ ತುಂಬ ಕೆಂಪು ಸುತ್ತೇ ಇದ್ದವು. ಯಾರೂ ಒಪ್ಪಿಗೆ ಎನ್ನಲಿಲ್ಲವಲ್ಲ, ಹಾಗಾದರೆ ಉಳಿದದ್ದು ಇದೇ ಇರಬೇಕು ಎಂದು ಎರಡನೇ ಕಾಲಮ್ಮಿನಲ್ಲಿ ಗುರುತು ಹಾಕಿದೆ. ಮೇಷ್ಟ್ರು ಓದದೆ ಸಹಿ ಹಾಕಿದರು. ಬೆಳಿಗ್ಗೆ ನೀವು ಬಂದಿರಿ.

ಆಗಲೇ ಹೇಳಬಹುದಿತ್ತು. ಅಧ್ಯಕ್ಷರ ಸಹಿ ಬಿದ್ದ ಮೇಲೆ ತಪ್ಪಾಗಿದೆ ಎಂದರೆ ಏನನ್ನುತ್ತಾರೋ ಎಂದು ಹೆದರಿದೆ. ಮುಂದಿನ ತಿಂಗಳು ಕೂರುತ್ತಾರಲ್ಲ, ಆಗ ತಾನಾಗಿ ಸರಿಹೋಗುತ್ತದೆ ಎಂದುಕೊಂಡೆ. ಯಾರೂ ಕೂರಲಿಲ್ಲ. ಪುಸ್ತಕ ನೋಡಿದವರು ಬೇಡವೆಂದಾಗಿದೆ ಎಂದುಕೊಂಡರು. ಪುಸ್ತಕ ನೋಡದವರು ಅವರು ಹೇಳಿದ್ದನ್ನು ನಂಬಿದರು. ಒಂದು ವರ್ಷದ ಮೇಲೆ ಎಲ್ಲರಿಗೂ ತಾವೇ ಬೇಡವೆಂದ ಹಾಗೆ ನೆನಪಿತ್ತು. ನಮ್ಮವರು ಅಮ್ಮನಿಗೆ ಹಲಗೆಯ ಇಳಿಜಾರಾದರೂ ಹಾಕಿಕೊಡುತ್ತೇನೆ ಎಂದಾಗ, ಸಭೆ ನಿರಾಕರಿಸಿದೆ, ಬೇಡ ಎಂದು ತಡೆದವಳೂ ನಾನೇ.

ಎರಡು ವರ್ಷ ಅಮ್ಮ ಎದುರಿನ ಕಿಟಕಿಯಲ್ಲಿದ್ದರು. ನಾನು ತಲೆ ಎತ್ತಿದರೆ ಅವರು ಕೈ ಬೀಸುತ್ತಿದ್ದರು. ಬೆಳಕಿಗೆ ಬೆನ್ನು ಹಾಕಿ ಹೊಲಿಯಲಾಗುವುದಿಲ್ಲ.

ಈಗ ಇನ್ನೊಂದು ನಿಜ. ಸಭೆ ಬೇಡವೆಂದೇ ಇಲ್ಲವಾದರೆ ನಿಯಮ ಇದಕ್ಕೆ ತಾಗುವುದಿಲ್ಲ. ನೀವು ಬರುವ ಅಗತ್ಯವೇ ಇರಲಿಲ್ಲ. ನಾನು ಎದ್ದು ನಿಂತು ಇದನ್ನು ಹೇಳಿದರೆ ಸಾಕಿತ್ತು. ಹೇಳಲಾರದೆ ನಿಮ್ಮನ್ನು ಕರೆದೆ. ನನ್ನ ಗಂಡನನ್ನು ಹೊರಗೆ ತರಲು, ನಾನೇ ಒಳಗೆ ಕೂರಿಸಿದವರ ಮಗಳನ್ನು ಕೇಳಿಕೊಂಡೆ.

ಗುಬ್ಬಿ ಎಂದು ಸಹಿ ಹಾಕುವುದಿಲ್ಲ.

ಎದುರುಮನೆಯವಳು

*

ಏಪ್ರಿಲ್ 14

ಅಕ್ಕ,

ನೀವು ಉತ್ತರ ಬರೆಯುವುದಿಲ್ಲವೆಂದು ಗೊತ್ತು. ಸಭೆಯಲ್ಲಿ ಆದದ್ದು ನಿಮಗೆ ತಿಳಿಯಬೇಕು.

ಮರದ ಕೊಂಬೆಯ ವಿಷಯ ಮುಗಿದ ಮೇಲೆ ಎದ್ದು ನಿಂತೆ. ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಅದನ್ನು ಮಡಿಸಿಟ್ಟೆ. ಬಾಯಲ್ಲೇ ಹೇಳಿದೆ. ನಿಮಗೆ ಬರೆದಷ್ಟನ್ನೂ ಹೇಳಿದೆ.

ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನಾನು ಸಹಿ ಹಾಕಿದೀನಲ್ಲ" ಎಂದರು. ಮತ್ತೆ ಅದನ್ನೇ ಹೇಳಿದರು.

ನೀಲಿ ಬಾಗಿಲಿನವನ ಅತ್ತೆ ಕೇಳಿದರು, "ಅಲ್ವೇ, ಆ ಮುದುಕಿ ಸತ್ತಾಗ ನಾವೆಲ್ಲ ಅಯ್ಯೋ ಪಾಪ ಅಂದು ಬಂದ್ವಲ್ಲ, ನೀನೂ ಬಂದಿದ್ದೆಯಲ್ಲ. ಆಗ್ಲೂ ಹೇಳ್ಬೇಕು ಅನ್ನಿಸ್ಲಿಲ್ವಾ?" ಅನ್ನಿಸಿತ್ತು ಎಂದೆ. "ಅನ್ನಿಸಿ ಏನು ಬಂತು" ಎಂದರು. ಇನ್ನೊಬ್ಬರು, "ಈಗ ನಿನ್ನ ಗಂಡನಿಗೆ ಬಂತು, ಬಾಯಿ ಬಂತು" ಎಂದರು. ಅದಕ್ಕೂ ಹೌದು ಎಂದೆ.

ಕೈ ಎತ್ತಿಸಿದರು. ಇಳಿಜಾರಿಗೆ ಎಲ್ಲರೂ ಒಪ್ಪಿದರು, ಒಬ್ಬರೂ ಬೇಡವೆನ್ನಲಿಲ್ಲ. ಅಷ್ಟು ಸುಲಭವಿತ್ತು, ಅಕ್ಕ. ಮೂರು ನಿಮಿಷವೂ ಆಗಲಿಲ್ಲ.

ಆಮೇಲೆ ಪದಾಧಿಕಾರಿಗಳ ಆಯ್ಕೆ. ಇಂಥವಳನ್ನು ಕಾರ್ಯದರ್ಶಿಯಾಗಿ ಇಟ್ಟುಕೊಳ್ಳಬಾರದೆಂದು ಮೂವರು ಹೇಳಿದರು. ನಾನೂ ಪುಸ್ತಕವನ್ನು ಮೇಜಿನ ಮೇಲಿಟ್ಟು ಹಿಂದಕ್ಕೆ ಸರಿದೆ. ಹಾಗಾದರೆ ಯಾರು ಬರೆಯುತ್ತೀರಿ ಎಂದು ಮೇಷ್ಟ್ರು ಕೇಳಿದರು. ಒಬ್ಬರಿಗೆ ಕಣ್ಣು ಸರಿಯಿಲ್ಲ, ಒಬ್ಬರಿಗೆ ಪಾಳಿ ಕೆಲಸ, ಒಬ್ಬರಿಗೆ ಮೊಮ್ಮಕ್ಕಳು. ಬೈದ ಮೂವರೂ ನೆಲ ನೋಡುತ್ತಿದ್ದರು. ಕೊನೆಗೆ ಪುಸ್ತಕವನ್ನು ನನ್ನ ಕಡೆಗೇ ತಳ್ಳಿದರು. ನಾನು ಮಾಡಿದ್ದನ್ನು ನಾನೇ ಆ ಪುಸ್ತಕದಲ್ಲಿ ಬರೆದೆ. ಮೇಷ್ಟ್ರು ಈ ಸಲ ಒಂದೊಂದೇ ಅಕ್ಷರ ಬೆರಳಿಟ್ಟು ಓದಿ ಸಹಿ ಹಾಕಿದರು.

ಮನೆಗೆ ಬಂದು ನಮ್ಮವರಿಗೆ ಮೊದಲು ಒಪ್ಪಿಗೆಯಾದದ್ದನ್ನು ಹೇಳಿದೆ. ದಿಂಬಿನ ಕೆಳಗಿನ ನಕ್ಷೆ ತೆಗೆದರು. ಆಮೇಲೆ ಉಳಿದದ್ದನ್ನು ಹೇಳಿದೆ. ನಕ್ಷೆಯನ್ನು ಮಡಿಸಿದರು. "ಆ ಅಜ್ಜಿಗೆ ಹಲಗೆ ಕೊಯ್ದು ಇಟ್ಟಿದ್ದೆ ಕಣೇ. ಕೊಯ್ದು ಇಟ್ಟಿದ್ದೆ" ಎಂದರು. ಊಟ ಮಾಡಲಿಲ್ಲ.

ಎದುರುಮನೆಯವಳು

*

ಮೇ 22

ಅಕ್ಕ,

ಇಳಿಜಾರು ಆಗಿದೆ. ಗಾರೆಯವರು ಆರು ದಿನದಲ್ಲಿ ಮುಗಿಸಿದರು. ನೀರು ಹಾಕಿ ಒಣಗಿಸಿ ಹತ್ತು ದಿನವಾಯಿತು. ಪಕ್ಕಕ್ಕೆ ಹಿಡಿದುಕೊಳ್ಳಲು ಕಂಬಿಯೂ ಇದೆ.

ಅವರು ಇಳಿಯುವುದಿಲ್ಲ. ಒಮ್ಮೆಯೂ ಇಳಿದಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುತ್ತೇನೆ, "ಹಾಕು" ಎನ್ನುತ್ತಾರೆ. ಗಾಳಿ ಬರಲಿ ಎಂದರೆ, "ಅಜ್ಜಿಗೂ ಕಿಟಕಿಯಿಂದ ಗಾಳಿ ಬರ್ತಿತ್ತು" ಎನ್ನುತ್ತಾರೆ. ತಾವು ಯಾವ ಮುಖ ಹೊತ್ತು ಆ ಅಜ್ಜಿಯ ಮನೆಯ ಮುಂದೆ ಹೋಗುವುದು ಎಂದು ಕೇಳುತ್ತಾರೆ. ಮೇಷ್ಟ್ರು ಬಂದು ಹೇಳಿದರು, ಡಾಕ್ಟರು ಹೇಳಿದರು. ಬೆನ್ನಿನ ಹುಣ್ಣು ದೊಡ್ಡದಾಗಿದೆ. ಹಾಲು ತರಲು ಹೋಗುವವರು, ಬರುವವರು ಇಳಿಜಾರನ್ನು ನೋಡುತ್ತಾರೆ, ಬಾಗಿಲನ್ನು ನೋಡುತ್ತಾರೆ, ನನ್ನನ್ನು ಕೇಳುವುದಿಲ್ಲ.

ನಿಮ್ಮಿಂದ ಏನೂ ಕೇಳಲು ಇದನ್ನು ಬರೆಯುತ್ತಿಲ್ಲ. ಬರೆಯಲು ಇನ್ನು ಯಾರೂ ಇಲ್ಲ.

ಎದುರುಮನೆಯವಳು

*

ಜೂನ್ 3

ಬಡಗಿಯಣ್ಣನವರಿಗೆ,

ಈ ಕಾಗದ ನಿಮಗೆ. ಅವಳಿಗೆ ತೋರಿಸಲೂಬಹುದು, ಬಿಡಲೂಬಹುದು.

ಅವಳು ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಅದು ನನ್ನ ಅವಳ ನಡುವಿನದು. ನೀವು ಒಳಗೆ ಕೂತರೆ ಅದು ತೀರುವುದಿಲ್ಲ. ಅಮ್ಮನ ಎರಡು ವರ್ಷಕ್ಕೆ ನಿಮ್ಮ ವರ್ಷಗಳನ್ನು ಸೇರಿಸಿದರೆ ನನಗೆ ಬರುವುದೇನು?

ಅಮ್ಮ ಆ ಮಂಚದ ಹಿಡಿಕೆ ಹಿಡಿದು ದಿನಾ ಎದ್ದು ಕೂರುತ್ತಿದ್ದಳು. ಕೊನೆಯ ದಿನವೂ ಕೂತಿದ್ದಳು. ಅವಳು ಕಿಟಕಿಯಲ್ಲಿದ್ದದ್ದು ಕೂರಲು ಆಸೆಪಟ್ಟಲ್ಲ, ಹೊರಗೆ ನೋಡಲು ಆಸೆಪಟ್ಟು. ದಾರಿ ಇರುವ ನೀವು ಗೋಡೆ ನೋಡಿಕೊಂಡು ಕೂತಿದ್ದೀರಿ ಎಂದು ಕೇಳಿದ್ದರೆ ನಿಮಗೆ ಚೆನ್ನಾಗಿ ಬೈಯುತ್ತಿದ್ದಳು. ಅವಳ ಬಾಯಿ ನಿಮಗೆ ಗೊತ್ತು.

ನಮ್ಮ ಹಳೆಯ ಮನೆಯ ಮುಂದೆ ಹೋಗಿ. ಈಗ ಅಲ್ಲಿ ಯಾರಿದ್ದಾರೋ ನನಗೆ ತಿಳಿಯದು. ಹೋಗಿ ನೋಡಿ ನನಗೊಂದು ಸಾಲು ಬರೆಯಿರಿ. ನೀವೇ ಬರೆಯಿರಿ.

ಇಂತಿ,
ನಿಮ್ಮ ಅಕ್ಕ

*

ಜೂನ್ 15

ಅಕ್ಕ,

ಅವರು ನಿಮಗೆ ಬರೆದಿದ್ದಾರೆ, ಇದರ ಜೊತೆಗಲ್ಲ, ಬೇರೆ ಲಕೋಟೆಯಲ್ಲಿ. ಏನು ಬರೆದರೆಂದು ನನಗೆ ಗೊತ್ತಿಲ್ಲ. ಅಂಟಿಸಿ ಕೊಟ್ಟರು, ಪೆಟ್ಟಿಗೆಗೆ ಹಾಕಿ ಬಂದೆ.

ನಿಮ್ಮ ಕಾಗದ ಬಂದ ದಿನ ಎರಡು ಸಲ ಓದಿಕೊಂಡರು. ಶರ್ಟು ಕೊಡು ಎಂದರು, ಇಸ್ತ್ರಿ ಮಾಡಿದ್ದು. "ಬಾಗಿಲು ತೆಗಿ" ಎಂದರು. ತೆಗೆದೆ. ಕುರ್ಚಿ ಹಿಡಿಯಲು ಹಿಂದೆ ಹೋದೆ. "ಬೇಡ. ಬಿಡು" ಎಂದರು. ಚಕ್ರಗಳನ್ನು ಅಂಗೈಯಲ್ಲಿ ಒತ್ತಿ ತಡೆದುಕೊಂಡು ಅಂಗುಲ ಅಂಗುಲವಾಗಿ ಇಳಿದರು. ಅಂಗೈ ಕೆಂಪಾಗಿತ್ತು. ಕೆಳಗೆ ನೀಲಿ ಬಾಗಿಲಿನವನು ನಿಂತಿದ್ದ, "ತಳ್ಳಲಾ ಅಣ್ಣ?" ಎಂದ. "ಮೊದಲು ಪಕ್ಕಕ್ಕೆ ಸರಿ, ನಿನ್ನ ಮೇಲೆ ಹೋದ್ರೆ ಅದಕ್ಕೂ ಸಂಘದ ಒಪ್ಪಿಗೆ ಬೇಕಾಗುತ್ತೆ" ಎಂದರು. ಒಂದು ವರ್ಷದ ಮೇಲೆ ಅವರು ಬೀದಿಯಲ್ಲಿ ನಗುವುದು ಕೇಳಿದೆ. ಒಳಗಿನಿಂದ ಕೇಳಿದೆ.

ನಿಮ್ಮ ಮನೆಯ ಮುಂದೆ ಬಹಳ ಹೊತ್ತು ನಿಂತರು. ಈಗ ಅಲ್ಲಿ ಗಂಡ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಕಿಟಕಿಯಲ್ಲಿ ಬಟ್ಟೆ ಒಣಗಿಸುತ್ತಾರೆ. ನಮ್ಮವರು ಇದನ್ನೂ ನಿಮಗೆ ಬರೆದಿರುತ್ತಾರೆ, ಆದರೂ ಬರೆದೆ.

ಈಗ ದಿನಾ ಸಂಜೆ ಐದಕ್ಕೆ ಹೋಗುತ್ತಾರೆ. ಮೂಲೆ ತಿರುಗಿದ ಮೇಲೆ ನನಗೆ ಕಾಣುವುದಿಲ್ಲ. ಹುಣ್ಣು ಒಣಗುತ್ತಿದೆ. ರಾತ್ರಿ ನಿದ್ದೆ ಮಾಡುತ್ತಾರೆ. ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾರೆ, ಉಪ್ಪು, ನೀರು, ದೀಪ ಆರಿಸು. ಬೈಯುವುದು ನಿಂತುಹೋಗಿದೆ.

ಐದಕ್ಕೆ ಮೊದಲೇ ನಾನು ಮೆಷಿನ್ ನಿಲ್ಲಿಸಿ, ತಲೆ ಬಾಚಿ, ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿರುತ್ತೇನೆ. ಬಾ ಎಂದರೆ ಹೋಗಬೇಕಲ್ಲ. ಅವರು ನನ್ನನ್ನು ದಾಟಿಕೊಂಡು ಇಳಿಯುತ್ತಾರೆ. ವಾಪಸು ಬರುವಾಗಲೂ ನಾನು ಅಲ್ಲೇ ಇರುತ್ತೇನೆ. ನಿನ್ನೆ ಕುರ್ಚಿಯನ್ನು ಹೊಸಿಲ ಹತ್ತಿರ ನಿಲ್ಲಿಸಿ ನನ್ನ ಕಾಲು ನೋಡಿದರು.

"ಎಲ್ಲಿಗೆ ಹೊರಟಿದೀಯ?"

"ಎಲ್ಲಿಗೂ ಇಲ್ಲ" ಎಂದೆ.

"ಹಾಗಾದ್ರೆ ಜಾಗ ಬಿಡು" ಎಂದರು. ಬಿಟ್ಟೆ.

ಎದುರುಮನೆಯವಳು